ಎಂಟು ತಿರುಳಿನ ಯಂತ್ರವೂ ಒಂದು ಆಟವೂ

ತಿಪಟೂರಿನಿಂದ ತುರುವೇಕೆರೆಯ ಕಡೆಗೆ ಹೋಗುವ ದಾರಿಯಲ್ಲಿ, ಎರಡು ಮಗ್ಗುಲಲ್ಲಿಯೂ ತೆಂಗಿನ ತೋಟಗಳು ಒಂದರ ಬೇಲಿಗೆ ಇನ್ನೊಂದು ತಾಗಿಕೊಂಡು ಸಾಗುವ ಒಂದು ಹಳ್ಳಿಯಲ್ಲಿ ನನ್ನ ತಮ್ಮನ ಮನೆಯಿದೆ. ಆ ಮನೆಯ ನಡುಮನೆಯ ಮೇಲೆ ಅಡಕೆಯ ದಬ್ಬೆ ಹಾಸಿ ಮಾಡಿದ ಅಟ್ಟವೂ, ಅಟ್ಟದ ತುಂಬ ವರ್ಷದ ಕಾಯಿಯೂ, ಅಟ್ಟದ ಕೆಳಗಿನ ಕೋಣೆಯಲ್ಲಿ ಅವನ ಮಗನ ಕಂಪ್ಯೂಟರೂ ಇವೆ. ಕೊಬ್ಬರಿ ಮಾರಿದ ಹಣ ಮನೆಗೆ ಬಂದ ಮರುದಿನ ಬೆಳಿಗ್ಗೆ, ಎಂಜಿನಿಯರಿಂಗ್ ಓದುತ್ತಿರುವ ಆ ಹುಡುಗ ತಂದೆಯ ಮುಂದೆ ಒಂದು ಚೀಟಿಯನ್ನಿಟ್ಟ. ಹಳೆಯ ಯಂತ್ರ ಸೋತಿದೆ, ಹೊಸದು ಜೋಡಿಸಬೇಕು; ಅದಕ್ಕೆ ಆರು ಕೋರಿನ ಸಂಸ್ಕಾರಕ (ಪ್ರೊಸೆಸರ್) ಒಂದು, ಎಂಟು ಕೋರಿನದು ಇನ್ನೊಂದು, ಎರಡರ ನಡುವಣ ಅಂತರ ಆರು ಸಾವಿರ ರೂಪಾಯಿ. ಗೆಳೆಯರೆಲ್ಲ ಎಂಟರದ್ದನ್ನೇ ಕೊಳ್ಳು, ಆಟ ಲ್ಯಾಗ್ ಆಗುವುದಿಲ್ಲ, ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳ ಎಣಿಕೆ) ಏರುತ್ತದೆ ಎನ್ನುತ್ತಿದ್ದಾರೆಂದು ಅವನ ವಾದ. ನನ್ನ ತಮ್ಮ ಆ ಚೀಟಿಯನ್ನು ಎರಡು ಬಾರಿ ಓದಿ, ನನ್ನ ಕಡೆ ತಿರುಗಿ, "ಎರಡು ಹೆಚ್ಚಿಗೆ ಇದ್ದರೆ ಏನು ಹೆಚ್ಚಿಗೆ ಆಗ್ತದೆ, ನೀನಾದರೂ ಹೇಳು" ಎಂದ.

ಅದು ಜಿಪುಣತನದ ಪ್ರಶ್ನೆಯಲ್ಲ. 2024ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 12,000 ರೂಪಾಯಿ. ಆ ಲೆಕ್ಕದಲ್ಲಿ ಆರು ಸಾವಿರವೆಂದರೆ ಅರ್ಧ ಕ್ವಿಂಟಲು ಕೊಬ್ಬರಿ, ಕಾಯಿಯ ಗಾತ್ರವನ್ನನುಸರಿಸಿ ಮುನ್ನೂರೈವತ್ತೋ ನಾನೂರೋ ತೆಂಗಿನಕಾಯಿ, ಅಂದರೆ ಕೆಡವಿ, ಹೊತ್ತು, ಅಟ್ಟಕ್ಕೇರಿಸಿ, ವರ್ಷವೆಲ್ಲ ಕಾದು, ಇಳಿಸಿ, ಸುಲಿದು, ಕರಟ ಒಡೆದು ಮಾರಿದ ಒಂದು ಶ್ರಮರಾಶಿ. ಮೂವತ್ತು ವರ್ಷ ಕಾಲೇಜಿನಲ್ಲಿ ಭೌತವಿಜ್ಞಾನ ಹೇಳಿದ ನನಗೆ, ಆ ಶ್ರಮಕ್ಕೆ ಪ್ರತಿಯಾಗಿ ಬರುವುದೇನೆಂಬುದನ್ನು ಸರಿಯಾಗಿ ಹೇಳಬೇಕಾದುದು ಕರ್ತವ್ಯವೆಂದೇ ತೋರಿತು.

ಮೊದಲು ಹೆಸರಿನ ವಿಷಯ. ಕೋರ್ ಎಂಬುದಕ್ಕೆ 'ತಿರುಳು' ಎನ್ನುವುದು ನನಗೆ ಪ್ರಿಯವಾದ ಮಾತು. ತೆಂಗಿನ ಸೀಮೆಯವರಿಗೆ ಇದಕ್ಕಿಂತ ಹತ್ತಿರವಾದ ಶಬ್ದ ದೊರೆಯಲಾರದು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ 1906ರಲ್ಲಿ ಜನಿಸಿದ ತೀ. ನಂ. ಶ್ರೀಕಂಠಯ್ಯನವರು, ಕಾವ್ಯಮೀಮಾಂಸೆಯಂತಹ ಸೂಕ್ಷ್ಮ ಶಾಸ್ತ್ರವನ್ನು ಯಾವ ಗೊಂದಲಕ್ಕೂ ಎಡೆಯಿಲ್ಲದಂತೆ ಕನ್ನಡದಲ್ಲಿ ನಿರೂಪಿಸಬಹುದೆಂದು ತೋರಿಸಿಕೊಟ್ಟ ಮೇಲೆ, ಅದೇ ನೆಲದವರಾದ ನಾವು ಯಂತ್ರದ ಮಾತನ್ನು ಕನ್ನಡದಲ್ಲಿ ಆಡಲು ಹಿಂಜರಿಯಬೇಕಾದ ಕಾರಣವಿಲ್ಲ. ಸಂಸ್ಕಾರಕದಲ್ಲಿ ಲೆಕ್ಕ ಮಾಡತಕ್ಕ ಭಾಗವೇ ತಿರುಳು. ಹಿಂದೆ ಒಂದು ಕರಟಕ್ಕೆ ಒಂದೇ ತಿರುಳಿದ್ದಿತು. ಈಗ ಒಂದೇ ಕರಟದೊಳಗೆ ನಾಲ್ಕು, ಆರು, ಎಂಟು, ಹದಿನಾರು ತಿರುಳುಗಳನ್ನು ಒತ್ತಾಗಿ ಕೂರಿಸುತ್ತಾರೆ. ಒಂದೊಂದು ತಿರುಳೂ ತಾನೇ ತಾನಾಗಿ ಒಂದು ಪೂರ್ಣ ಸಂಸ್ಕಾರಕ. ಒಂದು ಆದೇಶಮಾಲೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿಕೊಂಡು ಹೋಗುತ್ತದೆ. ಆ ಮಾಲೆಗೆ ಬಲ್ಲವರು 'ಎಳೆ' ಎನ್ನುತ್ತಾರೆ. ಹೊಸೆಯುವವರು ಎಷ್ಟು ಮಂದಿ ಇದ್ದರೂ, ಹಗ್ಗವಾಗಬೇಕಾದ ನಾರು ಒಂದೇ ಎಳೆಯದಾದರೆ ಒಬ್ಬರ ಕೈಯಲ್ಲೇ ಕೆಲಸ ನಡೆಯಬೇಕು. ಪ್ರಶ್ನೆಯ ಗಂಟು ಇಲ್ಲಿಯೇ ಇದೆ.

ತಿರುಳು ಹೆಚ್ಚಿಸುವ ಈ ಪದ್ಧತಿ ಆಟಗಾರರ ಹಿತಕ್ಕಾಗಿ ಹುಟ್ಟಿದುದಲ್ಲ, ಉಷ್ಣದ ಭಯದಿಂದ ಹುಟ್ಟಿದುದು. 1993ರಲ್ಲಿ ಬಂದ ಮೊದಲ ಪೆಂಟಿಯಂ ಸಂಸ್ಕಾರಕ 60, 66 ಮೆಗಾಹರ್ಟ್ಸ್ ವೇಗದ್ದು. 2004ರ ಕೊನೆಯ ಹೊತ್ತಿಗೆ ಪೆಂಟಿಯಂ 4 ಮುಟ್ಟಿದುದು 3.8 ಗಿಗಾಹರ್ಟ್ಸ್. ಹನ್ನೊಂದು ವರ್ಷದಲ್ಲಿ ಐವತ್ತು ಪಟ್ಟಿಗೂ ಮಿಕ್ಕ ಈ ಏರಿಕೆಯ ಕಾಲದಲ್ಲಿ, ಆಟ ಬರೆಯುವವರು ಏನೂ ಮಾಡದೆ ಸುಮ್ಮನೆ ಕುಳಿತರೂ ಅವರು ಬರೆದ ಆಟ ಮುಂದಿನ ವರ್ಷದ ಯಂತ್ರದಲ್ಲಿ ತಾನಾಗಿಯೇ ಚುರುಕಾಗುತ್ತಿತ್ತು. ಆದರೆ ವೇಗವನ್ನು ಏರಿಸಬೇಕಾದರೆ ವಿದ್ಯುದ್ವಿಭವವನ್ನೂ ಏರಿಸಬೇಕಾಗುತ್ತದೆ. ವ್ಯಯವಾಗುವ ಶಕ್ತಿಯಾದರೋ ವಿಭವದ ವರ್ಗದೊಡನೆ, ಅದರ ಮೇಲೆ ವೇಗದೊಡನೆಯೂ ಏರುತ್ತದೆ. ಹೀಗಾಗಿ ಕೊನೆಕೊನೆಗೆ ಸ್ವಲ್ಪ ವೇಗಕ್ಕೆ ಬಹಳ ಬಿಸಿಯನ್ನು ತೆರಬೇಕಾಯಿತು. 2004ರ ಅಕ್ಟೋಬರಿನಲ್ಲಿ ಇಂಟೆಲ್ ಸಂಸ್ಥೆ 4 ಗಿಗಾಹರ್ಟ್ಸಿನ ಪೆಂಟಿಯಂ 4ನ್ನು ಕೈಬಿಟ್ಟಿತು. ಮರುವರ್ಷವೇ ಇಂಟೆಲಿನ ಪೆಂಟಿಯಂ ಡಿ, ಎಎಮ್‌ಡಿಯ ಅಥ್ಲಾನ್ 64 ಎಕ್ಸ್2 ಎಂಬ ಎರಡು ತಿರುಳಿನ ಸಂಸ್ಕಾರಕಗಳು ಸಾಮಾನ್ಯ ಜನರ ಮನೆಗೆ ಬಂದವು. ಒಬ್ಬ ಆಳನ್ನು ಇನ್ನು ಹೆಚ್ಚು ಓಡಿಸಲು ಸಾಧ್ಯವಿಲ್ಲವೆಂದು ಕಂಡಾಗ ಇಬ್ಬರನ್ನು ನೇಮಿಸಿದಂತೆ. ಇಬ್ಬರಿಗೆ ಕೆಲಸವನ್ನು ಹಂಚುವ ಭಾರ ಮಾತ್ರ ಅಂದಿನಿಂದ ಯಂತ್ರದ ಹೆಗಲಿನಿಂದಿಳಿದು ಬರೆಯುವವರ ಹೆಗಲನ್ನೇರಿತು.

ಇದನ್ನೆಲ್ಲ ಬಾಯಲ್ಲಿ ಹೇಳುವುದಕ್ಕಿಂತ ಕಣ್ಣಲ್ಲಿ ಕಾಣುವುದು ಮೇಲೆಂದು, ಹುಡುಗ ನನ್ನನ್ನು ತಿಪಟೂರಿನಲ್ಲಿರುವ ಗೆಳೆಯನ ಮನೆಗೆ ಕರೆದೊಯ್ದ. ಅಲ್ಲಿ ಎಂಟು ತಿರುಳಿನ ಯಂತ್ರವಿತ್ತು. ಎರಡು ಪರದೆ, ಒಂದರಲ್ಲಿ ಆಟ, ಇನ್ನೊಂದರಲ್ಲಿ ಯಂತ್ರದ ಒಳಗಿನ ದುಡಿಮೆಯನ್ನು ತೋರಿಸುವ ಟಾಸ್ಕ್ ಮ್ಯಾನೇಜರಿನ ಗೆರೆಗಳು. ತಿರುಳೊಂದು ಎರಡು ಎಳೆಗಳನ್ನು ಏಕಕಾಲದಲ್ಲಿ ಹಿಡಿಯಬಲ್ಲುದಾದ್ದರಿಂದ ಪರದೆಯ ಮೇಲೆ ಹದಿನಾರು ಚಿಕ್ಕ ಕಿಟಕಿಗಳು. ಮೊದಲು ಕ್ರೈಸಿಸ್ ಎಂಬ 2007ರ ಆಟವನ್ನು ಹಾಕಿದರು. ಕಾಡು, ಕಡಲತೀರ, ಒಡೆದು ಬೀಳುವ ಗುಡಿಸಲು, ನೋಟವೇನೋ ರಮ್ಯ. ಕಿಟಕಿಗಳ ಕಡೆ ನೋಡಿದರೆ ಒಂದರಲ್ಲಿ ಗೆರೆ ಮೇಲೇರಿ ನಿಂತಿದೆ, ಪಕ್ಕದ ಒಂದೆರಡರಲ್ಲಿ ಅಲ್ಪಸ್ವಲ್ಪ ಅಲುಗಾಟ, ಉಳಿದವು ಬೇಸಿಗೆಯ ಕೆರೆಯ ತಳದಂತೆ ಚಪ್ಪಟೆ. ನಿಮಿಷ ಕಳೆಯುವುದರೊಳಗೆ ಮೇಲೇರಿದ ಗೆರೆ ಇನ್ನೊಂದು ಕಿಟಕಿಗೆ ಹೋಗಿರುತ್ತದೆ. ಇದು ಎರಡನೆಯ ಆಳು ಕೆಲಸಕ್ಕೆ ಬಂದುದರ ಗುರುತಲ್ಲ, ಒಂದೇ ಎಳೆಯನ್ನು ವ್ಯವಸ್ಥೆ ಒಂದು ತಿರುಳಿನಿಂದ ಇನ್ನೊಂದಕ್ಕೆ ವರ್ಗಾಯಿಸಿದ್ದು ಮಾತ್ರ. ಅನಂತರ ಸೈಬರ್‌ಪಂಕ್ 2077 ಎಂಬ, 2020ರ ಡಿಸೆಂಬರಿನಲ್ಲಿ ಬಂದ ಆಟ. ಈಗ ಹದಿನಾರು ಕಿಟಕಿಗಳಲ್ಲಿಯೂ ಗೆರೆಗಳು ಎದ್ದವು. ಸಮನಾಗಿ ಅಲ್ಲ, ಆದರೆ ಯಾವುದೂ ನಿದ್ರಿಸಲಿಲ್ಲ. ಅದೇ ಯಂತ್ರ, ಅದೇ ಎಂಟು ತಿರುಳು. ಬದಲಾದುದು ಹಂಚುವ ವಿದ್ಯೆ.

ಹಂಚುವುದು ಅಷ್ಟು ಕಷ್ಟವೇಕೆ? ಪರದೆಯ ಮೇಲೆ ಸೆಕೆಂಡಿಗೆ 60 ಚಿತ್ರಗಳು ಮೂಡಬೇಕಾದರೆ ಒಂದೊಂದು ಚಿತ್ರಕ್ಕೂ, ಅಂದರೆ ಫ್ರೇಮಿಗೂ, ಸಿಕ್ಕುವ ಅವಧಿ ಸುಮಾರು 16.7 ಮಿಲಿಸೆಕೆಂಡು ಮಾತ್ರ. ಆ ಅವಧಿಯಲ್ಲಿ ಆಟಗಾರನ ಬೆರಳು ಏನನ್ನು ಒತ್ತಿತೆಂದು ತಿಳಿಯಬೇಕು; ಒತ್ತಿದ್ದು ತಿಳಿದ ಮೇಲಲ್ಲವೆ ಅವನ ನಾಯಕ ಎಲ್ಲಿಗೆ ಸರಿದನೆಂದು ಗೊತ್ತಾಗುವುದು; ಸರಿದದ್ದು ಗೊತ್ತಾದ ಮೇಲೆಯೇ ಗೋಡೆಗೆ ತಾಗಿದನೋ ಇಲ್ಲವೋ ಎಂಬ ನಿರ್ಣಯ; ಅನಂತರ ಎದುರಾಳಿ ಅವನನ್ನು ಕಂಡು ಏನು ಮಾಡಬೇಕೆಂಬ ತೀರ್ಮಾನ; ಆಮೇಲೆ ಇಬ್ಬರ ಕೈಕಾಲುಗಳ ಭಂಗಿ; ಇಷ್ಟೆಲ್ಲ ಆದ ಬಳಿಕ ಕಣ್ಣಿಗೆ ಬೀಳುವುದೇನು, ಮರೆಯಾಗುವುದೇನು ಎಂಬ ಗಣನೆ; ಕಟ್ಟಕಡೆಗೆ, ಇದನ್ನು ಇಲ್ಲಿ ಬರೆ, ಅದನ್ನು ಅಲ್ಲಿ ಬರೆ ಎಂದು ಗ್ರಾಫಿಕ್ಸ್ ಕಾರ್ಡಿಗೆ ಕೊಡತಕ್ಕ ಆಜ್ಞೆಗಳು. ಒಂದರ ಫಲ ಇನ್ನೊಂದರ ಬೀಜ. ಮೊದಲಿನದು ಮುಗಿಯುವವರೆಗೆ ಎರಡನೆಯದನ್ನು ಕೈಗೆತ್ತಿಕೊಳ್ಳಲು ಎಂಟಲ್ಲ, ಎಂಬತ್ತು ತಿರುಳಿದ್ದರೂ ಆಗದು.

ಕೊಬ್ಬರಿಯ ಮನೆಯಲ್ಲಿ ಬೆಳೆದವರಿಗೆ ಇದು ಹೊಸದಲ್ಲ. ಅಂಗಳದಲ್ಲಿ ಸಾವಿರ ಕಾಯಿ ಬಿದ್ದಿದ್ದು ಸುಲಿಯುವವರು ಒಬ್ಬರ ಬದಲು ನಾಲ್ವರು ಬಂದರೆ, ನಾಲ್ಕು ಕಬ್ಬಿಣದ ಮೊನೆಗಳನ್ನು ನೆಲಕ್ಕೆ ನೆಟ್ಟು, ಕೆಲಸವನ್ನು ಕಾಲು ಭಾಗದ ವೇಳೆಯಲ್ಲಿ ಮುಗಿಸುತ್ತಾರೆ. ಏಕೆಂದರೆ ಈ ಕಾಯಿಯನ್ನು ಸುಲಿಯಲು ಆ ಕಾಯಿಯ ಅಪ್ಪಣೆ ಬೇಕಿಲ್ಲ. ಆದರೆ ಒಂದೇ ಕಾಯಿಯನ್ನು ತೆಗೆದುಕೊಂಡರೆ, ಮಟ್ಟೆ ಸುಲಿಯದೆ ಕರಟ ಒಡೆಯುವಂತಿಲ್ಲ, ಕರಟ ಒಡೆಯದೆ ಗಿಟುಕು ಕೈಗೆ ಬರುವಂತಿಲ್ಲ. ಅಲ್ಲಿ ನಾಲ್ವರು ನಿಂತರೆ ಮೂವರು ನೋಡುವವರು. ಇದನ್ನೇ ಗಣಿತದ ಸೂತ್ರವಾಗಿ, ಐಬಿಎಂ ಸಂಸ್ಥೆಯ ಸಿಸ್ಟಂ/360 ಯಂತ್ರದ ಶಿಲ್ಪಿಗಳಲ್ಲೊಬ್ಬರಾಗಿದ್ದ ಜೀನ್ ಆಮ್ಡಾಲ್ ಅವರ ಹೆಸರಿನಲ್ಲಿ ಜಗತ್ತು ಓದುತ್ತದೆ. ಅವರು ಆ ವಾದವನ್ನು ಮಂಡಿಸಿದುದು 1967ರಲ್ಲಿ.

ಒಂದು ಉದಾಹರಣೆ ಮಾಡಿ ನೋಡೋಣ. ಒಂದು ಫ್ರೇಮಿನ ಕೆಲಸಕ್ಕೆ ಒಂದೇ ತಿರುಳಿನಲ್ಲಿ 20 ಮಿಲಿಸೆಕೆಂಡು ಹಿಡಿಯುತ್ತದೆ, ಅದರಲ್ಲಿ 10 ಹಂಚಬಹುದಾದುದು, 10 ಹಂಚಲಾಗದ್ದು ಎಂದಿಟ್ಟುಕೊಳ್ಳಿ. ಆಗ ಸೆಕೆಂಡಿಗೆ 50 ಫ್ರೇಮು. ಎರಡು ತಿರುಳಾದರೆ 15 ಮಿಲಿಸೆಕೆಂಡು, ಸುಮಾರು 67 ಫ್ರೇಮು, ನಾಲ್ಕಾದರೆ 12.5, ಅಂದರೆ 80, ಎಂಟಾದರೆ 11.25, ಅಂದರೆ 89. ತಿರುಳುಗಳನ್ನು ಅನಂತವಾಗಿ ಹೆಚ್ಚಿಸಿದರೂ ಹಂಚಲಾಗದ 10 ಹಾಗೆಯೇ ನಿಲ್ಲುವುದರಿಂದ 100ನ್ನು ದಾಟಲಾಗದು. ಈಗ ಇನ್ನೊಂದು ದಾರಿ ಹಿಡಿಯೋಣ: ನಾಲ್ಕೇ ತಿರುಳು, ಆದರೆ ಒಂದೊಂದೂ ಕಾಲು ಪಾಲಿನಷ್ಟು ಹೆಚ್ಚು ವೇಗದ್ದು. 12.5 ಮಿಲಿಸೆಕೆಂಡಿನ ಕೆಲಸ ಆಗ ಸರಿಯಾಗಿ 10ಕ್ಕೆ ಇಳಿಯುತ್ತದೆ, 100 ಫ್ರೇಮು! ಮಂದವಾದ ಅನಂತ ತಿರುಳುಗಳು ಯಾವ ಎಲ್ಲೆಯನ್ನು ಮುಟ್ಟಲು ಹೆಣಗುತ್ತವೆಯೋ, ಅದನ್ನು ಸ್ವಲ್ಪ ಚುರುಕಾದ ನಾಲ್ಕೇ ತಿರುಳುಗಳು ಮುಟ್ಟಿದವು. ಹುಡುಗ ಈ ಲೆಕ್ಕವನ್ನು ತಾನೇ ಇನ್ನೊಮ್ಮೆ ಮಾಡಿ ನೋಡಿ, ಬಹಳ ಹೊತ್ತು ಮಾತಾಡಲಿಲ್ಲ.

ಆಟದಲ್ಲಿ ಹಂಚಲಾಗದ ಭಾಗ ಅಷ್ಟೊಂದು ಉಳಿಯುವುದಕ್ಕೆ ಇನ್ನೊಂದು ಕಾರಣವುಂಟು, ಅದನ್ನು ಕೊಳ್ಳುವವರು ನೆನೆಯುವುದು ವಿರಳ. ಇಂದಿನ ಸಾಧಾರಣ ಪರದೆಯಲ್ಲಿ 1920 ಅಡ್ಡ, 1080 ಉದ್ದ, ಒಟ್ಟು ಇಪ್ಪತ್ತು ಲಕ್ಷಕ್ಕೂ ಮಿಕ್ಕ ಚುಕ್ಕಿಗಳು. ಒಂದೊಂದು ಚುಕ್ಕಿಗೂ ಬಣ್ಣ ತುಂಬಬೇಕು, ಒಂದು ಚುಕ್ಕಿಯ ಬಣ್ಣಕ್ಕೆ ಪಕ್ಕದ್ದರ ಹಂಗು ಬಹುಮಟ್ಟಿಗೆ ಇಲ್ಲ. ಅಂಗಳದ ಕಾಯಿ ಸುಲಿಯುವಂಥ ಕೆಲಸ ಇದೇ. ಆದರೆ ಇದನ್ನು ಸಂಸ್ಕಾರಕದ ಕೈಯಿಂದ ಎಂದೋ ಕಿತ್ತು, ಚಿಕ್ಕ ಚಿಕ್ಕ ತಿರುಳುಗಳು ಸಾವಿರಗಟ್ಟಲೆ ಇರುವ ಗ್ರಾಫಿಕ್ಸ್ ಕಾರ್ಡಿಗೆ ಒಪ್ಪಿಸಿಬಿಟ್ಟಿದ್ದಾರೆ. ಅಂದರೆ ಬಹುತಿರುಳಿನ ತತ್ತ್ವ ಆಟದಲ್ಲಿ ಸೋತಿಲ್ಲ, ಅತ್ಯಂತ ದೊಡ್ಡ ಜಯವನ್ನು ಆಗಲೇ ಪಡೆದು ಬೇರೆ ಮನೆಯಲ್ಲಿ ವಾಸವಾಗಿದೆ. ಸಂಸ್ಕಾರಕದ ಪಾಲಿಗೆ ಉಳಿದುದು ಬಿಡಿಸಲಾಗದ ಗಂಟುಗಳೇ.

ಈ ಭೇದವನ್ನು ನಮ್ಮ ನಾಡಿನ ಒಂದು ಸಾಧನೆಯಿಂದಲೇ ತಿಳಿಯಬಹುದು. ತಿಪಟೂರಿನ ರೈಲು ಎರಡೂವರೆ ಮೂರು ಗಂಟೆಯಲ್ಲಿ ತಲುಪಿಸುವ ಬೆಂಗಳೂರಿನಲ್ಲಿ ಇಂಟೆಲ್ ಸಂಸ್ಥೆಯ ಅಭಿಯಂತರರು ವಿನ್ಯಾಸಗೊಳಿಸಿದ, ಡನ್ನಿಂಗ್‌ಟನ್ ಎಂಬ ಒಳಹೆಸರಿನ ಕ್ಸಿಯಾನ್ 7400 ಸಂಸ್ಕಾರಕ 2008ರ ಸೆಪ್ಟೆಂಬರಿನಲ್ಲಿ ಹೊರಬಂದಿತು: ಆರು ತಿರುಳು, 190 ಕೋಟಿ ಟ್ರಾನ್ಸಿಸ್ಟರು. ಸಾಮಾನ್ಯರ ಮನೆಗಳಲ್ಲಿ ಎರಡು ತಿರುಳು ನೆಲೆಗೊಂಡು ನಾಲ್ಕು ಇನ್ನೂ ಸಂಭ್ರಮದ ವಸ್ತುವಾಗಿದ್ದ ಕಾಲದಲ್ಲಿ ಕನ್ನಡನಾಡಿನಲ್ಲಿ ಆರು ತಿರುಳಿನ ರೇಖೆ ಎಳೆದರೆಂಬುದನ್ನು ನಾನು ಹೆಮ್ಮೆಯಿಂದಲೇ ಹೇಳುತ್ತೇನೆ. ಆದರೆ ಅದು ಆಟಕ್ಕಾಗಿ ಮಾಡಿದುದಲ್ಲ, ಬ್ಯಾಂಕು ವಾಣಿಜ್ಯಗಳ ಸರ್ವರುಗಳಿಗಾಗಿ ಮಾಡಿದುದು. ಸರ್ವರಿನ ಮುಂದೆ ಸಾವಿರ ಗಿರಾಕಿಗಳು ಸಾವಿರ ಬೇರೆ ಬೇರೆ ಬಿನ್ನಹಗಳನ್ನು ಹಿಡಿದು ನಿಂತಿರುತ್ತಾರೆ. ತಿರುಳು ಹೆಚ್ಚಾದಷ್ಟೂ ಸರದಿ ಕರಗುತ್ತದೆ. ಆಟದ ಮುಂದೆ ಇರುವವನು ಒಬ್ಬನೇ ಗಿರಾಕಿ, ಅವನಿಗೆ ಬೇಕಾದುದು ಒಂದೇ ಜಗತ್ತು.

ಒಂದೇ ಜಗತ್ತನ್ನು ಹೋಳುಮಾಡಿ ಹಲವು ಕೈಗಳಿಗೆ ಕೊಟ್ಟು, ಮತ್ತೆ ಬಿರುಕು ಕಾಣದಂತೆ ಕೂಡಿಸುವ ವಿದ್ಯೆಯನ್ನು ಬರೆಯುವವರು ಕಲಿತುಕೊಳ್ಳಲು ಹತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. 1999ರ ಡಿಸೆಂಬರಿನಲ್ಲಿ ಬಂದ ಕ್ವೇಕ್ 3 ಆಟದಲ್ಲಿ, ಅದನ್ನು ಬರೆದ ಜಾನ್ ಕಾರ್ಮ್ಯಾಕ್ ಅವರು ಎರಡು ಸಂಸ್ಕಾರಕಗಳಿರುವ ಯಂತ್ರಕ್ಕೆಂದು ಒಂದು ಏರ್ಪಾಡನ್ನು ಇಟ್ಟಿದ್ದರು. ಅಂದಿಗೆ ಅಂಥ ಯಂತ್ರ ಯಾರ ಮನೆಯಲ್ಲಿತ್ತು! 2005ರ ಎಕ್ಸ್‌ಬಾಕ್ಸ್ 360 ಎಂಬ ಆಟದ ಯಂತ್ರದಲ್ಲಿ ಮೂರು ತಿರುಳು. 2006ರ ಪ್ಲೇಸ್ಟೇಷನ್ 3ರಲ್ಲಿ ಒಂದು ಮುಖ್ಯ ತಿರುಳು, ಅದರ ಸುತ್ತ ಆಟಗಳ ಬಳಕೆಗೆ ಸಿಕ್ಕುವ ಆರು ಸಹಾಯಕ ತಿರುಳುಗಳು, ಒಂದೊಂದಕ್ಕೂ ತನ್ನದೇ ಸಣ್ಣ ನೆನಪಿನ ಚೀಲ. ಆ ಚೀಲಗಳನ್ನು ತುಂಬಿ ತೆರವು ಮಾಡುವ ಪರಿಶ್ರಮದಲ್ಲಿ ಅನೇಕ ಸಮರ್ಥರು ಬಳಲಿದರು. 2013ರಲ್ಲಿ ಪ್ಲೇಸ್ಟೇಷನ್ 4 ಬಂದಿತು, ಎಂಟು ತಿರುಳಿನದು, ಆದರೆ ಒಂದೊಂದರ ವೇಗ 1.6 ಗಿಗಾಹರ್ಟ್ಸ್ ಮಾತ್ರ. ತಿರುಳುಗಳು ಮಂದವಾದುದೇ ಒಳ್ಳೆಯದಾಯಿತೆಂದು ನನ್ನ ಅಭಿಪ್ರಾಯ. ಒಂದನ್ನೇ ನೆಚ್ಚಿ ಕುಳಿತರೆ ಗತಿಯಿಲ್ಲವಾದ್ದರಿಂದ ಹಂಚುವುದನ್ನು ಎಲ್ಲರೂ ಕಲಿಯಲೇಬೇಕಾಯಿತು. ಅಲ್ಲದೆ, ಕಾರ್ಡಿಗೆ ಆಜ್ಞೆ ಕೊಡುವ ಕೆಲಸವೊಂದು ಬಹುಮಟ್ಟಿಗೆ ಒಂದೇ ಎಳೆಯ ಕುತ್ತಿಗೆಗೆ ಬಿದ್ದಿದ್ದುದನ್ನು 2015ರ ಡೈರೆಕ್ಟ್‌ಎಕ್ಸ್ 12, 2016ರ ವಲ್ಕನ್ ಎಂಬ ಹೊಸ ಏರ್ಪಾಡುಗಳು ಬಿಡಿಸಿ ಹಲವು ಎಳೆಗಳಿಗೆ ಹಂಚಲು ಅವಕಾಶ ಮಾಡಿದವು.

ಹೀಗೆ ಕಲಿತ ಹಂಚಿಕೆಯ ವಿದ್ಯೆಯಲ್ಲಿ ನನ್ನ ಮನಸ್ಸನ್ನು ಬಹಳವಾಗಿ ಸೆಳೆದ ಒಂದು ಉಪಾಯವಿದೆ. ಅದನ್ನು ವಿವರಿಸಲು ನಮ್ಮ ಅಟ್ಟಕ್ಕೆ ಹತ್ತಬೇಕು. ಬಲಿತ ಕಾಯಿಯನ್ನು ಅಟ್ಟಕ್ಕೇರಿಸಿದ ಮೇಲೆ ಒಳಗಿನ ನೀರು ಹೀರಿಹೋಗಿ, ತಿರುಳು ಕರಟದಿಂದ ಕಳಚಿ, ಅಲ್ಲಾಡಿಸಿದರೆ ಗಡಗಡನೆ ಸದ್ದು ಮಾಡುವ ಗಿಟುಕಾಗಲು ಹೆಚ್ಚು ಕಡಮೆ ಒಂದು ವರ್ಷ ಬೇಕು. ಈ ಅವಧಿಯನ್ನು ಯಾವ ಸಾಹುಕಾರನೂ ಆಳಿಟ್ಟು ಕುಗ್ಗಿಸಲಾರ. ಹಾಗೆಂದು ವರ್ಷಕ್ಕೊಮ್ಮೆ ಮಾತ್ರ ಕೊಬ್ಬರಿ ಬರುತ್ತದೆಯೆ? ಇಲ್ಲ. ಎರಡು ತಿಂಗಳಿಗೊಮ್ಮೆ ಕೆಡವಿದ ಕಾಯಿ ಅಟ್ಟದ ಒಂದು ಮೂಲೆಗೆ ಏರುತ್ತದೆ, ವರ್ಷದ ಹಿಂದಿನದು ಇನ್ನೊಂದು ಮೂಲೆಯಿಂದ ಇಳಿಯುತ್ತದೆ. ಅಟ್ಟ ದೊಡ್ಡದಾದಷ್ಟೂ ಮಾರುಕಟ್ಟೆಗೆ ಹೋಗುವ ಮೂಟೆ ಹೆಚ್ಚುತ್ತದೆ. ಆದರೆ ಒಂದೊಂದು ಕಾಯಿಯ ಕಾಯುವಿಕೆ ಅಷ್ಟೇ. ಆಟವನ್ನು ಹಂಚುವವರೂ ಇದನ್ನೇ ಮಾಡಿದರು. ನಾಟಿ ಡಾಗ್ ಎಂಬ ಆಟದ ಸಂಸ್ಥೆಯವರು 'ದಿ ಲಾಸ್ಟ್ ಆಫ್ ಅಸ್' ಆಟವನ್ನು 2014ರಲ್ಲಿ ಪ್ಲೇಸ್ಟೇಷನ್ 4ಕ್ಕೆ ತಂದು ಸೆಕೆಂಡಿಗೆ 60 ಫ್ರೇಮು ಮುಟ್ಟಿಸಿದಾಗ ಅನುಸರಿಸಿದ ಕ್ರಮವನ್ನು ಮರುವರ್ಷ ತಮ್ಮ ವೃತ್ತಿಯವರ ಸಮ್ಮೇಳನದಲ್ಲಿ ಬಿಚ್ಚಿ ಹೇಳಿದರು: ಯಂತ್ರದ ಎಂಟರಲ್ಲಿ ತಮಗೆ ದೊರೆತ ಆರು ತಿರುಳುಗಳಿಗೆ ಕೆಲಸವನ್ನೆಲ್ಲ ಸಣ್ಣ ಸಣ್ಣ ತುಣುಕುಗಳಾಗಿ ಒಡೆದು ಹಾಕಿದ್ದಲ್ಲದೆ, ಒಂದು ಫ್ರೇಮಿನ ಆಟದ ತೀರ್ಮಾನಗಳು ನಡೆಯುತ್ತಿರುವಾಗಲೇ ಅದರ ಹಿಂದಿನ ಫ್ರೇಮಿನ ಚಿತ್ರಣದ ಸಿದ್ಧತೆಯನ್ನೂ, ಅದಕ್ಕೂ ಹಿಂದಿನದರ ಬಣ್ಣ ತುಂಬುವಿಕೆಯನ್ನೂ ಒಟ್ಟಿಗೆ ನಡೆಸಿದರು. ಮೂರು ಮೂಲೆಗಳಲ್ಲಿ ಮೂರು ಕಾಲದ ಕಾಯಿ!

ಇದರಿಂದ ಸೆಕೆಂಡಿಗೆ ಇಳಿಯುವ ಫ್ರೇಮುಗಳು ಹೆಚ್ಚಿದವು. ಆದರೆ ಬೆರಳು ಒತ್ತಿದ್ದಕ್ಕೂ ಅದರ ಫಲ ಪರದೆಯಲ್ಲಿ ಕಾಣುವುದಕ್ಕೂ ನಡುವೆ ಮೂರು ಫ್ರೇಮುಗಳ ಕಾಲ, ಸುಮಾರು 50 ಮಿಲಿಸೆಕೆಂಡು, ಸರಿದುಹೋಗಬೇಕು. ಕಥೆಯನ್ನನುಭವಿಸುವ ಆಟಕ್ಕೆ ಇದು ಬಾಧಕವಲ್ಲ. ಗುರಿಯಿಟ್ಟು ಹೊಡೆಯುವ ಸ್ಪರ್ಧೆಯಲ್ಲಿ, ಎದುರಾಳಿ ಮೂಲೆ ತಿರುಗುವ ಕ್ಷಣದಲ್ಲಿ, ಬಾಧಕ. ಆದ್ದರಿಂದ ಎಫ್‌ಪಿಎಸ್ ಎಂಬ ಒಂದೇ ಸಂಖ್ಯೆಯನ್ನು ಹಿಡಿದು ಎರಡು ಯಂತ್ರಗಳನ್ನು ತೂಗುವುದು, ಇಳಿದ ಮೂಟೆಗಳನ್ನು ಮಾತ್ರ ಎಣಿಸಿ ಅಟ್ಟದ ಅವಧಿಯನ್ನು ಕೇಳದೆ ಹೋಗುವುದಕ್ಕೆ ಸಮ.

ತಿರುಳಿನ ಸಂಖ್ಯೆಗಿಂತ ತಿರುಳಿನ ಪಕ್ಕದ ಕಣಜ ಮುಖ್ಯವಾಗುವುದೂ ಉಂಟು. ಎಎಮ್‌ಡಿ ಸಂಸ್ಥೆ 2022ರ ಏಪ್ರಿಲಿನಲ್ಲಿ ಮಾರಾಟಕ್ಕೆ ತಂದ ರೈಜೆನ್ 7 5800ಎಕ್ಸ್3ಡಿ ಎಂಟು ತಿರುಳಿನದು. ಅದೇ ಮನೆತನದ 5950ಎಕ್ಸ್ ಹದಿನಾರು ತಿರುಳಿನದು, ವೇಗದಲ್ಲಿಯೂ ಮೇಲಾದದ್ದು. ಆದರೂ ಅನೇಕ ಆಟಗಳಲ್ಲಿ ಎಂಟರದೇ ಮುಂದು. ಕಾರಣ, ತಿರುಳುಗಳ ನೆತ್ತಿಯ ಮೇಲೆಯೇ ಇನ್ನೊಂದು ಪದರವನ್ನು ಹೊದಿಸಿ ಅದರ ಕಣಜವನ್ನು, ಅಂದರೆ ಕ್ಯಾಶ್ ನೆನಪನ್ನು, 96 ಮೆಗಾಬೈಟಿಗೆ ಏರಿಸಿದ್ದರು. ಆಟದ ಸಂಸ್ಕಾರಕ ತನ್ನ ಕಾಲದ ದೊಡ್ಡ ಪಾಲನ್ನು ಲೆಕ್ಕಕ್ಕಲ್ಲ, ಲೆಕ್ಕದ ಸಾಮಗ್ರಿ ದೂರದ ರ‍್ಯಾಮಿನಿಂದ ಬರುವುದನ್ನು ಕಾಯುವುದಕ್ಕೆ ಕಳೆಯುತ್ತದೆ. ಸುಲಿಯುವವನ ಕೈ ಎಷ್ಟೇ ಚುರುಕಾಗಿರಲಿ, ಕಾಯಿಯ ರಾಶಿ ತೋಟದ ಆ ತುದಿಯಲ್ಲಿದ್ದರೆ ಅವನು ನಡೆಯುವುದರಲ್ಲೇ ದಣಿಯುತ್ತಾನೆ.

ಹಾಗಾದರೆ ತಿರುಳು ಹೆಚ್ಚಿರುವುದು ವ್ಯರ್ಥವೆ? ಅಲ್ಲವೇ ಅಲ್ಲ, ಅದರ ಉಪಕಾರ ಸರಾಸರಿಯಲ್ಲಿ ಕಾಣುವುದಕ್ಕಿಂತ ಆಪತ್ತಿನಲ್ಲಿ ಕಾಣುವುದು ಹೆಚ್ಚು. ವರ್ಷದ ಸರಾಸರಿ ದರ ಚೆನ್ನಾಗಿತ್ತೆಂಬ ಮಾತು, ದರ ಕುಸಿದ ವಾರದಲ್ಲಿ ಮಗಳ ಮದುವೆಗಾಗಿ ಕೊಬ್ಬರಿ ಮಾರಬೇಕಾದವನಿಗೆ ಯಾವ ಸಮಾಧಾನವನ್ನೂ ಕೊಡುವುದಿಲ್ಲ. ಆಟದಲ್ಲಿಯೂ ಸೆಕೆಂಡಿಗೆ 90 ಫ್ರೇಮು ಸರಾಸರಿಯಿದ್ದು, ನಡುವೆ ಒಂದು ಫ್ರೇಮು ಮಾತ್ರ 80 ಮಿಲಿಸೆಕೆಂಡು ತೆಗೆದುಕೊಂಡರೆ ಕಣ್ಣಿಗೆ ಕಾಣುವುದು ಆ ಎಡವು ಒಂದೇ. ಹಿಂದಿನಿಂದ ಹೊಸ ಬೀದಿಯನ್ನು ತಂದು ತುಂಬುವ ಕೆಲಸ, ಧ್ವನಿ, ಜಾಲದ ಮಾತುಕತೆ, ಪಕ್ಕದಲ್ಲಿ ತೆರೆದಿಟ್ಟ ಬ್ರೌಸರು, ಇವೆಲ್ಲ ಬಿಡುವಾದ ತಿರುಳಿಲ್ಲದಿದ್ದರೆ ಮುಖ್ಯ ಎಳೆಯನ್ನೇ ತಳ್ಳಿ ಜಾಗ ಮಾಡಿಕೊಳ್ಳುತ್ತವೆ, ಎಡವುವುದು ಆಗಲೇ. 2016, 17ರ ಈಚಿನ ದೊಡ್ಡ ಆಟಗಳಲ್ಲಿ ನಾಲ್ಕು ತಿರುಳು ನಾಲ್ಕೇ ಎಳೆಯ ಯಂತ್ರಗಳು ಸರಾಸರಿಯಲ್ಲಿ ಮರ್ಯಾದೆ ಉಳಿಸಿಕೊಂಡರೂ ಹೀಗೆ ತಡವರಿಸತೊಡಗಿದವು. ನಾಲ್ಕರಿಂದ ಆರಕ್ಕೆ ಹೋಗುವುದರಲ್ಲಿ ಇಂದು ಅರ್ಥವಿದೆ. ಆರರಿಂದ ಎಂಟಕ್ಕೆ ಹೋಗುವುದು, ಉಳಿದೆಲ್ಲ ಸರಿಯಿದ್ದು ಕೈಯಲ್ಲಿ ಹಣ ಮಿಕ್ಕಿದ್ದರೆ.

ನಮ್ಮ ಸೀಮೆಯ ಹೆಚ್ಚಿನ ಮಕ್ಕಳು ಆಡುವುದು ಕಂಪ್ಯೂಟರಿನಲ್ಲಲ್ಲ, ಫೋನಿನಲ್ಲಿ. ಅಲ್ಲಿ 'ಆಕ್ಟಾ ಕೋರ್' ಎಂಬ ಅಚ್ಚು ಪೆಟ್ಟಿಗೆಯ ಮೇಲಿಲ್ಲದ ಫೋನು ಅಪರೂಪ. ಆದರೆ ಆ ಎಂಟೂ ಸಮಾನರಲ್ಲ. ಆರ್ಮ್ ಸಂಸ್ಥೆ 2011ರಲ್ಲಿ ಪ್ರಕಟಿಸಿದ ಕ್ರಮದಂತೆ ಕೆಲವು ಬಲವಾದ ತಿರುಳುಗಳು, ಉಳಿದವು ಬ್ಯಾಟರಿ ಉಳಿಸಲೆಂದು ಇಟ್ಟ ಮಿತಬಲದವು. ಆಟ ನೆಚ್ಚುವುದು ಆ ಒಂದೆರಡು ಬಲವಾದವುಗಳನ್ನು. ಅವು ದುಡಿದು ಬಿಸಿಯಾದಾಗ, ಏಪ್ರಿಲ್ ತಿಂಗಳ ಮಧ್ಯಾಹ್ನ ಶೀಟು ಹೊದಿಸಿದ ಮನೆಯಲ್ಲಿ, ಫೋನಿಗೆ ಫ್ಯಾನೂ ಇಲ್ಲದಿರುವಾಗ, ತಮ್ಮನ್ನು ತಾವು ಉಳಿಸಿಕೊಳ್ಳಲು ವೇಗ ತಗ್ಗಿಸುತ್ತವೆ. ಹತ್ತು ನಿಮಿಷ ಚೆನ್ನಾಗಿ ಓಡಿದ ಆಟ ಹನ್ನೊಂದನೆಯ ನಿಮಿಷದಲ್ಲಿ ಎಳೆದಾಡುವುದಕ್ಕೆ ಎಷ್ಟೋ ವೇಳೆ ಇದೇ ಕಾರಣ, ಮಕ್ಕಳು ಬೈಯುವ ನೆಟ್‌ವರ್ಕ್ ಅಲ್ಲ.

ಆಮ್ಡಾಲ್ ಅವರ ಸೂತ್ರಕ್ಕೆ 1988ರಲ್ಲಿ ಜಾನ್ ಗುಸ್ಟಾಫ್ಸನ್ ಎಂಬವರು ಕೊಟ್ಟ ಉತ್ತರವನ್ನೂ ಹೇಳದಿದ್ದರೆ ಅನ್ಯಾಯವಾದೀತು. ಕೈ ಹೆಚ್ಚಾದಾಗ ಜನ ಹಳೆಯ ಕೆಲಸವನ್ನೇ ಬೇಗ ಮುಗಿಸಿ ಮಲಗುವುದಿಲ್ಲ, ಅದೇ ಹೊತ್ತಿನಲ್ಲಿ ದೊಡ್ಡ ಕೆಲಸವನ್ನು ಹಿಡಿಯುತ್ತಾರೆಂಬುದು ಅವರ ವಾದದ ಸಾರ. ನಾಲ್ವರು ಮಕ್ಕಳಿರುವ ಮನೆ ಇದ್ದ ಮರವನ್ನೇ ಬೇಗ ನೋಡಿಕೊಳ್ಳುವುದಿಲ್ಲ, ಇನ್ನೆರಡು ಎಕರೆಗೆ ಸಸಿ ನೆಡುತ್ತದೆ. ಹಾಗೆಯೇ ತಿರುಳು ಹೆಚ್ಚಿದಂತೆ ಆಟದ ಬೀದಿಗಳಲ್ಲಿ ಜನಸಂದಣಿ ಹೆಚ್ಚಿತು, ಕಾಡಿನಲ್ಲಿ ಮರ ಹೆಚ್ಚಿತು, ಮುರಿಯುವ ಗೋಡೆ ನಿಜವಾಗಿ ಚೂರುಚೂರಾಗತೊಡಗಿತು. ಇದು ಫ್ರೇಮಿನ ಎಣಿಕೆಯಲ್ಲಿ ಕಾಣದ ಲಾಭ.

ಕೊನೆಗೆ ಹುಡುಗ ಆರು ತಿರುಳಿನದನ್ನೇ ಆರಿಸಿಕೊಂಡ. ಉಳಿದ ಆರು ಸಾವಿರವನ್ನು ಗ್ರಾಫಿಕ್ಸ್ ಕಾರ್ಡಿನ ಪಾಲಿಗೆ ಸೇರಿಸಿದ. ಅಪ್ಪ ಮಗ ಇಬ್ಬರೂ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ, ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಸುತ್ತಿ, ಪೆಟ್ಟಿಗೆಗಳನ್ನು ತೊಡೆಯ ಮೇಲಿಟ್ಟುಕೊಂಡು ರಾತ್ರಿ ತಿರುಗಿ ಬಂದರು. ಜೋಡಿಸಿದ ಮೇಲೆ ಅವನು ನನಗೆ ತೋರಿಸಲೆಂದೇ ಒಂದು ಪ್ರಯೋಗ ಮಾಡಿದ. ಯಂತ್ರದ ಆರಂಭದ ಏರ್ಪಾಡಿನಲ್ಲಿ ತಿರುಳುಗಳನ್ನು ಎರಡೆರಡಾಗಿ ಮುಚ್ಚುತ್ತ, ತೆರೆಯುತ್ತ, ಅದೇ ಆಟದ ಅದೇ ಬೀದಿಯಲ್ಲಿ ಅದೇ ದಾರಿಯನ್ನು ನಡೆದು, ಸರಾಸರಿ ಫ್ರೇಮು ಒಂದು ಕಂಬದಲ್ಲಿ, ಅತ್ಯಂತ ಕೆಟ್ಟ ಫ್ರೇಮಿನ ಅವಧಿ ಇನ್ನೊಂದು ಕಂಬದಲ್ಲಿ, ಕೈಗೆ ಸಿಕ್ಕಿದ ಅಪ್ಪನ ಕೊಬ್ಬರಿ ಲೆಕ್ಕದ ಪುಸ್ತಕದಲ್ಲಿಯೇ ಬರೆಯುತ್ತ ಹೋದ. ಎರಡರಿಂದ ನಾಲ್ಕಕ್ಕೆ ಎರಡು ಕಂಬಗಳಲ್ಲಿಯೂ ದೊಡ್ಡ ಜಿಗಿತ. ನಾಲ್ಕರಿಂದ ಆರಕ್ಕೆ ಮೊದಲ ಕಂಬ ಹೆಚ್ಚು ಅಲುಗಲಿಲ್ಲ, ಎರಡನೆಯದು ಚೆನ್ನಾಗಿ ಇಳಿಯಿತು.

ನನ್ನ ತಮ್ಮ ಅಟ್ಟದಿಂದ ಇಳಿದು ಬಂದು, ಪುಸ್ತಕವನ್ನು ದೀಪದ ಬಳಿ ಹಿಡಿದು, ಎರಡನೆಯ ಕಂಬದ ಮೇಲೆ ಬೆರಳಿಟ್ಟು ಇದೇನೆಂದು ಕೇಳಿದ. ಮಗ ಹೇಳಿದ. ಅಪ್ಪ ತಲೆದೂಗಿ, ಆ ಅಂಕಿಗಳ ಕೆಳಗೆ ಗೆರೆಯೆಳೆದು, ಮುಂದಿನ ಹರಾಜಿಗೆ ಇಳಿಸಬೇಕಾದ ಕಾಯಿಯ ಲೆಕ್ಕ ಬರೆಯಲು ಕುಳಿತ.